ಐದನೇ ತರಗತಿಗೆ ಬಂದರೂ ಓದಲು ಬಾರದ ಮಕ್ಕಳು: ಒಂದು ಕ್ಲಸ್ಟರ್ ನೂರು ದಿನದಲ್ಲಿ ಮಾಡಬಹುದಾದ ಕೆಲಸ

‘ನಾಲ್ಕನೇ, ಐದನೇ ತರಗತಿಯ ಮಕ್ಕಳಿಗೆ ಕನ್ನಡ ಓದಲು ಬರುತ್ತಿಲ್ಲ, ಪಠ್ಯ ಮುಗಿಸುವುದೋ ಅಕ್ಷರ ಕಲಿಸುವುದೋ?’ ಮುಖ್ಯ ಶಿಕ್ಷಕರು, ಎಸ್‌ಡಿಎಂಸಿ ಸದಸ್ಯರು, ಹೊಸದಾಗಿ ಸಿಆರ್‌ಪಿ ಆಗಿ ಬಂದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಎರಡೂ ಆಗುತ್ತದೆ. ಅದಕ್ಕೆ ಮೂರು ವಿಷಯ ಬಿಗಿಯಾಗಿರಬೇಕು: ಮಗು ಎಲ್ಲಿದೆಯೋ ಅಲ್ಲಿಂದ ಕಲಿಸಬೇಕು, ದಿನಾ ಅದೇ ಹೊತ್ತಿಗೆ ಕಲಿಸಬೇಕು, ಆ ಹೊತ್ತನ್ನು ಯಾರೂ ಕಿತ್ತುಕೊಳ್ಳಬಾರದು. ಮೊದಲ ಎರಡು ನಮ್ಮ ಶಿಕ್ಷಕರಿಗೆ ಗೊತ್ತಿಲ್ಲದ್ದೇನಲ್ಲ. ಕೆಲಸ ಕೆಡುವುದು ಮೂರನೆಯದರಲ್ಲಿ. ಹಾಗಾಗಿ ಈ ಲೇಖನ ಶಿಕ್ಷಕರಿಗೆ ಎಷ್ಟು ಬರೆದದ್ದೋ, ಅವರ ಮೇಲಿನವರಿಗೂ ಅಷ್ಟೇ ಬರೆದದ್ದು.

ಪೋಷಕರಿಗಾಗಿ ಕೆಲವು ಹೆಸರು ಬಿಡಿಸಿ ಹೇಳಬೇಕು. ಹತ್ತಾರು ಶಾಲೆ ಸೇರಿದರೆ ಒಂದು ಕ್ಲಸ್ಟರ್. ಅದನ್ನು ನೋಡಿಕೊಳ್ಳುವವರು ಸಿಆರ್‌ಪಿ, ಅಂದರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ; ಅವರೂ ಶಿಕ್ಷಕರೇ. ಕ್ಲಸ್ಟರುಗಳೆಲ್ಲ ಸೇರಿ ಬ್ಲಾಕ್, ಅಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ. ಅದರ ಮೇಲೆ ಶೈಕ್ಷಣಿಕ ಜಿಲ್ಲೆ. ಇದು ಯಾವಾಗಲೂ ಕಂದಾಯ ಜಿಲ್ಲೆಯೇ ಆಗಿರಬೇಕಿಲ್ಲ. ಚಿಕ್ಕೋಡಿ, ಶಿರಸಿ, ಮಧುಗಿರಿ ತಾವೇ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಗಳು. ಶಿಕ್ಷಕರ ತರಬೇತಿ ನೋಡಿಕೊಳ್ಳುವ ಜಿಲ್ಲಾ ಸಂಸ್ಥೆ ಡಯಟ್. ಎಸ್‌ಡಿಎಂಸಿ ಎಂದರೆ ಪೋಷಕರೇ ಹೆಚ್ಚಿರುವ ಶಾಲಾಭಿವೃದ್ಧಿ ಸಮಿತಿ.

ಇಲ್ಲಿ ಹೇಳುವ ಕ್ರಮ 3, 4, 5ನೇ ತರಗತಿಯ ಮಕ್ಕಳಿಗೆ, ದಿನಕ್ಕೆ ಒಂದು ಗಂಟೆಯಂತೆ ನೂರು ದಿನ. ಒಂದು, ಎರಡನೇ ತರಗತಿಯಲ್ಲಿ ನಲಿ-ಕಲಿ ಇದೆ, ಅದನ್ನು ಅದರ ಪಾಡಿಗೆ ನಡೆಯಲು ಬಿಡಿ. 1995ರಲ್ಲಿ ಎಚ್.ಡಿ. ಕೋಟೆಯ ಶಾಲೆಗಳಲ್ಲಿ ಆರಂಭವಾದ ಪದ್ಧತಿ ಅದು. ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತಬೇಕೆಂಬ ಅದರ ಮೂಲ ವಿಚಾರವನ್ನೇ ನಾವಿಲ್ಲಿ ದೊಡ್ಡ ಮಕ್ಕಳಿಗೆ ತರುತ್ತಿದ್ದೇವೆ.

ಮೊದಲು ಕೂಡಿಸಿಕೊಳ್ಳಬೇಕಾದದ್ದು

3ರಿಂದ 5ನೇ ತರಗತಿಯಲ್ಲಿ ಒಟ್ಟು 40 ಮಕ್ಕಳಿರುವ ಶಾಲೆಯೆಂದು ಇಟ್ಟುಕೊಳ್ಳಿ.

ಪರೀಕ್ಷೆಯ ಹಾಳೆ ನಾಲ್ಕು ಬಗೆ, ಒಂದೊಂದರಲ್ಲೂ ಬೇರೆ ಬೇರೆ ಪಾಠ. ಒಂದೇ ಹಾಳೆ ಇದ್ದರೆ ಹತ್ತನೇ ಮಗು ಬರುವ ಹೊತ್ತಿಗೆ ಹೊರಗೆ ಕಾಯುವವರೆಲ್ಲ ಅದನ್ನು ಬಾಯಿಪಾಠ ಮಾಡಿರುತ್ತಾರೆ.

ಅಕ್ಷರದ ಕಾರ್ಡು ಐದು ಮಕ್ಕಳಿಗೆ ಒಂದು ಕಟ್ಟು. ದಪ್ಪ ಎ4 ಹಾಳೆಯನ್ನು ಎಂಟು ತುಂಡು ಮಾಡಿದರೆ ಹತ್ತು ಹಾಳೆಗೆ 80 ಕಾರ್ಡು. ವರ್ಣಮಾಲೆಯ 49 ಅಕ್ಷರಕ್ಕೆ ಒಂದೊಂದು ಹೋಗಿ ಉಳಿದ 31ರಲ್ಲಿ ಹೆಚ್ಚು ಬಳಕೆಯ ಅಕ್ಷರಗಳನ್ನೇ ಇನ್ನೊಮ್ಮೆ ಬರೆಯಿರಿ: ರ, ಲ, ನ, ಮ, ಕ, ತ, ದ, ಗ ಹೀಗೆ. ಒಂದೇ ‘ರ’ ಇದ್ದರೆ ‘ಮರ’ ಆದಮೇಲೆ ‘ಸರ’ ಮಾಡಲು ಪಕ್ಕದವನು ಕಾಯಬೇಕಾಗುತ್ತದೆ.

ಕಾಗುಣಿತದ ಪಟ ಕೋಣೆಗೆ ಒಂದು, ಜೊತೆಗೆ ಪ್ರತಿ ಮಗುವಿಗೆ ಎ4 ಅಳತೆಯಲ್ಲಿ ಒಂದು. ಗೋಡೆಯ ಪಟ ಮಕ್ಕಳ ಕಣ್ಣಿನ ಎತ್ತರದಲ್ಲಿರಲಿ. ಫೋಟೊಗಳ ಸಾಲಿನಲ್ಲಿ ಮೇಲೆ ತೂಗುಹಾಕಿದ ಪಟವನ್ನು ಯಾವ ಮಗುವೂ ಓದುವುದಿಲ್ಲ.

ಕಥೆಯ ತೆಳು ಪುಸ್ತಕ ಕಡಿಮೆಯೆಂದರೆ 60. ಶಾಲೆಯ ಕಪಾಟಿನಲ್ಲೇ ಅರ್ಧ ಸಿಗುತ್ತವೆ, ಬೀಗ ತೆಗೆಯಬೇಕಷ್ಟೆ. ಉಳಿದದ್ದಕ್ಕೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ನಾಲ್ಕು ಹಂತಗಳಲ್ಲಿ ವಿಂಗಡಿಸಿದ ಕನ್ನಡ ಕಥೆಗಳು ಉಚಿತವಾಗಿವೆ, ಇಳಿಸಿಕೊಂಡು ಮುದ್ರಿಸಬಹುದು. ಗ್ರಾಮ ಪಂಚಾಯತಿಯ ಗ್ರಂಥಾಲಯವನ್ನೂ ಮರೆಯಬೇಡಿ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಡಲಾಗಿದೆ.

ಮಗುವಿಗೆ ಒಂದು ನೋಟ್‌ಬುಕ್, ಶಾಲೆಗೆ ಒಂದು ಉದ್ದದ ರಿಜಿಸ್ಟರ್. ಖರ್ಚಿಗೆ ಶಾಲಾ ಅನುದಾನ ಸಾಕು, ಆದರೆ ಎಸ್‌ಡಿಎಂಸಿ ಸಭೆಯಲ್ಲಿ ಮೊದಲೇ ನಡಾವಳಿ ಬರೆಸಿಕೊಳ್ಳಿ. ಖರ್ಚಾದ ಮೇಲೆ ನಡಾವಳಿ ಬರೆಯಹೋದರೆ ಲೆಕ್ಕ ಪರಿಶೋಧನೆಯಲ್ಲಿ ಸಿಕ್ಕಿಬೀಳುವವರು ಮುಖ್ಯ ಶಿಕ್ಷಕರು.

ಹಂತ 1: ಪ್ರತಿ ಮಗುವನ್ನೂ ಒಬ್ಬೊಬ್ಬರಾಗಿ ಓದಿಸಿ ನೋಡಿ

ತರಗತಿಯಲ್ಲಿ ಎಲ್ಲರೂ ಒಟ್ಟಿಗೆ ಹೇಳುವಾಗ ಓದಲು ಬಾರದ ಮಗು ಕಾಣುವುದೇ ಇಲ್ಲ. ಅದರ ಬಾಯಿಯೂ ಆಡುತ್ತಿರುತ್ತದೆ. ಬರೆಹದ ಪರೀಕ್ಷೆಯೂ ಇದನ್ನು ತೋರಿಸುವುದಿಲ್ಲ, ಏಕೆಂದರೆ ಹಲಗೆಯಿಂದ ನಕಲು ಮಾಡುವುದರಲ್ಲಿ ಈ ಮಕ್ಕಳು ಪಳಗಿರುತ್ತಾರೆ. ಅಕ್ಷರ ದುಂಡಗಿರುತ್ತದೆ, ಬರೆದದ್ದು ಏನೆಂದು ಕೇಳಿದರೆ ತಲೆ ತಗ್ಗಿಸುತ್ತಾರೆ. ಆದ್ದರಿಂದ ಒಂದೊಂದು ಮಗುವಿನ ಪಕ್ಕ ಕೂತು ಓದಿಸಬೇಕು. ಮಗುವಿಗೆ ಐದು ನಿಮಿಷ ಸಾಕು. ಇಬ್ಬರು ಶಿಕ್ಷಕರು ಎರಡು ದಿನ ಬೆಳಗಿನ ಹೊತ್ತು ಕೂತರೆ 40 ಮಕ್ಕಳು ಮುಗಿಯುತ್ತಾರೆ.

ಮಕ್ಕಳ ಓದು, ಲೆಕ್ಕ ಎಷ್ಟಿದೆಯೆಂದು ದೇಶದಾದ್ಯಂತ ನೋಡುವ ‘ಅಸರ್’ ಸಮೀಕ್ಷೆಯಲ್ಲಿ ಬಳಸುವ ಕ್ರಮವೇ ಇದಕ್ಕೆ ಒಳ್ಳೆಯದು. ಹಾಳೆಯಲ್ಲಿ ನಾಲ್ಕು ಭಾಗ: ಅಕ್ಷರಗಳು, ಎರಡಕ್ಷರದ ಸರಳ ಪದಗಳು, ನಾಲ್ಕು ಸಾಲಿನ ಒಂದು ಪ್ಯಾರಾ, ಏಳೆಂಟು ಸಾಲಿನ ಒಂದು ಕಥೆ. ಪ್ಯಾರಾ ಒಂದನೇ ತರಗತಿಯ ಮಟ್ಟದ್ದು, ಕಥೆ ಎರಡನೇ ತರಗತಿಯದು. ಆರಂಭ ಪ್ಯಾರಾದಿಂದ.

ಒಂದು ಪ್ಯಾರಾ ಹೀಗಿರಬಹುದು: ‘ಇದು ನಮ್ಮ ಊರು. ಊರಿನ ಬಳಿ ಕೆರೆ ಇದೆ. ಕೆರೆಯಲ್ಲಿ ಮೀನು ಇವೆ. ನಾವು ಕೆರೆ ನೋಡಲು ಹೋಗುತ್ತೇವೆ.’

ಮಗು ಇದನ್ನು ವಾಕ್ಯವಾಗಿ, ಮೂರಕ್ಕಿಂತ ಹೆಚ್ಚು ತಪ್ಪಿಲ್ಲದೆ ಓದಿದರೆ ಕಥೆ ಕೊಡಿ. ಕಥೆಯನ್ನೂ ಓದಿದರೆ ‘ಕಥೆ’ ಮಟ್ಟ, ಇಲ್ಲದಿದ್ದರೆ ‘ಪ್ಯಾರಾ’ ಮಟ್ಟ. ಪ್ಯಾರಾ ಓದಲಾಗದಿದ್ದರೆ ಕೆಳಗಿಳಿದು ಪದ ತೋರಿಸಿ: ಐದರಲ್ಲಿ ನಾಲ್ಕು ಓದಿದರೆ ‘ಪದ’ ಮಟ್ಟ. ಆಗದಿದ್ದರೆ ಅಕ್ಷರ: ಐದರಲ್ಲಿ ನಾಲ್ಕು ಗುರುತಿಸಿದರೆ ‘ಅಕ್ಷರ’ ಮಟ್ಟ. ಅದೂ ಇಲ್ಲವೆಂದರೆ ‘ಆರಂಭ’.

ನೀವು ಮೋಸಹೋಗುವ ಜಾಗ ಇಲ್ಲಿದೆ, ಹತ್ತಿರದಿಂದ ನೋಡಿ. ಮಗು ‘ಇದು ನಮ್ಮ ಊರು’ ಎಂದು ಸರಾಗವಾಗಿ ಹೇಳಿತು. ‘ಊರಿನ ಬಳಿ’ ಎಂಬಲ್ಲಿ ತಡವರಿಸಿ ‘ಊರಿನ ಬಾವಿ’ ಅಂದಿತು. ‘ಕೆರೆಯಲ್ಲಿ’ ಬಂದಾಗ ‘ಕೆ... ರೆ... ಯ... ಲಿ’ ಎಂದು ಒತ್ತು ಬಿಟ್ಟು ಹೇಳಿತು. ‘ಹೋಗುತ್ತೇವೆ’ ಬರುವಷ್ಟರಲ್ಲಿ ‘ಹೋಗು’ ಎಂದು ನಿಲ್ಲಿಸಿ ನಿಮ್ಮ ಮುಖ ನೋಡಿತು. ಈ ಮಗು ಮೊದಲ ವಾಕ್ಯವನ್ನು ಓದಿದ್ದಲ್ಲ, ಎಲ್ಲೋ ಕೇಳಿದ್ದನ್ನು ನೆನಪಿನಿಂದ ಹೇಳಿದ್ದು. ಮುಂದಿನದನ್ನು ಊಹಿಸುತ್ತಾ ಹೋಗಿದೆ. ಖಚಿತ ಮಾಡಿಕೊಳ್ಳಲು ಪ್ಯಾರಾದ ನಡುವಿನ ಯಾವುದೋ ಪದದ ಮೇಲೆ ಬೆರಳಿಟ್ಟು ‘ಇದೇನು ಪುಟ್ಟಾ?’ ಎಂದು ಕೇಳಿ. ತಪ್ಪು ಮೂರೇ ಆದರೂ ವಾಕ್ಯವಾಗಿ ಓದಿಲ್ಲ, ಹಾಗಾಗಿ ಇದು ಪದ ಮಟ್ಟದ ಮಗು, ಒತ್ತಕ್ಷರ ಬಾರದ ಮಗು. ರಿಜಿಸ್ಟರಿನಲ್ಲಿ ಹೆಸರಿನ ಮುಂದೆ ಎರಡನ್ನೂ ಬರೆದುಕೊಳ್ಳಿ.

ಇನ್ನೊಂದು ಎಚ್ಚರ. ‘ಹಾಲು’ ಎಂದಿರುವುದನ್ನು ಮಗು ‘ಆಲು’ ಎಂದು ಓದಿದರೆ ತಪ್ಪು ಹಾಕಬೇಡಿ. ಮನೆಮಾತಿನಲ್ಲಿ ಹಕಾರವೇ ಇಲ್ಲದ ಊರುಗಳು ನಮ್ಮಲ್ಲಿ ಬೇಕಾದಷ್ಟಿವೆ. ಮಗು ಅಕ್ಷರವನ್ನು ಗುರುತಿಸಿ ತನ್ನ ಮಾತಿನಲ್ಲಿ ಹೇಳಿದೆ. ಅದು ಓದು. ತಿದ್ದುವುದಿದ್ದರೆ ನೀವು ಓದಿ ತೋರಿಸುವಾಗ ಸ್ಪಷ್ಟವಾಗಿ ಓದಿ, ಅಷ್ಟೇ.

ಪರೀಕ್ಷೆ ಮಾಡುವವರು ಅದೇ ಶಾಲೆಯ ಶಿಕ್ಷಕರಾದರೆ ಮಗುವಿನ ಮೇಲಿನ ಪ್ರೀತಿಯಿಂದಲೋ ಮೇಲಿನವರ ಭಯದಿಂದಲೋ ಒಂದು ಮಟ್ಟ ಹೆಚ್ಚೇ ಬರೆಯುತ್ತಾರೆ. ಕ್ಲಸ್ಟರಿನೊಳಗೆ ಶಿಕ್ಷಕರನ್ನು ಅದಲು ಬದಲು ಮಾಡಿ: ನಿಮ್ಮ ಶಾಲೆಗೆ ಪಕ್ಕದ ಊರಿನವರು, ಅಲ್ಲಿಗೆ ನೀವು.

ಹಂತ 2: ತರಗತಿ ಬಿಟ್ಟು ಮಟ್ಟದ ಮೇಲೆ ಗುಂಪು ಮಾಡಿ

ದಿನಕ್ಕೆ ಒಂದು ಗಂಟೆ ಮಾತ್ರ 3, 4, 5ನೇ ತರಗತಿ ಎಂಬುದು ಇರುವುದಿಲ್ಲ. ಆರಂಭ ಮತ್ತು ಅಕ್ಷರ ಮಟ್ಟದವರು ಒಂದು ಗುಂಪು, ಪದ ಮಟ್ಟದವರು ಒಂದು, ಪ್ಯಾರಾ ಮತ್ತು ಕಥೆಯವರು ಒಂದು. ಉಳಿದ ಹೊತ್ತು ಎಂದಿನಂತೆ ತಮ್ಮ ತರಗತಿಯಲ್ಲಿ, ತಮ್ಮ ಪಠ್ಯದಲ್ಲಿ.

ಗುಂಪಿಗೆ ‘ದಡ್ಡರ ಗುಂಪು’ ಎಂಬ ಹೆಸರು ಎರಡೇ ದಿನದಲ್ಲಿ ಬೀಳುತ್ತದೆ, ನೀವು ತಡೆಯದಿದ್ದರೆ. ಹೂವಿನ ಹೆಸರೋ ನದಿಯ ಹೆಸರೋ ಇಡಿ. ಅದಕ್ಕಿಂತ ಮುಖ್ಯವಾಗಿ, ಹದಿನೈದು ದಿನಕ್ಕೊಮ್ಮೆ, ಮಟ್ಟ ದಾಟಿದ ಮಕ್ಕಳನ್ನು ಮುಂದಿನ ಗುಂಪಿಗೆ ಕಳಿಸಿ. ಇಲ್ಲಿಂದ ದಾಟಿ ಹೋಗಬಹುದೆಂದು ಮಕ್ಕಳ ಕಣ್ಣಿಗೆ ಕಂಡರೆ ಅವಮಾನ ಉಳಿಯುವುದಿಲ್ಲ.

ಇಬ್ಬರೇ ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆಯವರು ‘ಮೂರು ಗುಂಪಿಗೆ ಮೂರನೆಯವರು ಎಲ್ಲಿ?’ ಎಂದು ಕೇಳುತ್ತಾರೆ. ಹೀಗೆ ಮಾಡಿ. ಒಬ್ಬರು ಇಡೀ ಗಂಟೆ ಅಕ್ಷರ ಗುಂಪಿನ ಜೊತೆ. ಇನ್ನೊಬ್ಬರು ಮೊದಲ 35 ನಿಮಿಷ ಪದ ಗುಂಪಿನ ಜೊತೆ. ಆ ಹೊತ್ತಿಗೆ ಕಥೆಯ ಗುಂಪು ಜೋಡಿಜೋಡಿಯಾಗಿ ಪುಸ್ತಕ ಓದುತ್ತದೆ. ಉಳಿದ 25 ನಿಮಿಷ ಕಥೆಯ ಗುಂಪಿನ ಜೊತೆ. ಆಗ ಪದ ಗುಂಪು ಬರೆಯುತ್ತದೆ. ಒಂದು, ಎರಡನೇ ತರಗತಿಯ ಮಕ್ಕಳಿಗೆ ಆ ಗಂಟೆ ಅವರೇ ಮಾಡಿಕೊಳ್ಳಬಲ್ಲ ನಲಿ-ಕಲಿ ಕಾರ್ಡಿನ ಚಟುವಟಿಕೆ ಇರಲಿ. ಅತಿಥಿ ಶಿಕ್ಷಕರಿದ್ದರೆ ಕಥೆಯ ಗುಂಪನ್ನು ಅವರಿಗೆ ಕೊಡಿ. ಅನುಭವ ಇರುವವರು ಅಕ್ಷರ ಗುಂಪಿಗೇ ಬೇಕು. ಇದನ್ನು ತಿರುವುಮುರುವು ಮಾಡುವುದು, ಅಂದರೆ ‘ಸುಲಭದ್ದು’ ಎಂದು ಅಕ್ಷರ ಗುಂಪನ್ನು ಹೊಸಬರಿಗೆ ಒಪ್ಪಿಸುವುದು, ಶಾಲೆಗಳಲ್ಲಿ ನಡೆಯುವ ದೊಡ್ಡ ತಪ್ಪು. ನಾಲ್ಕು ವರ್ಷ ಸೋತ ಮಗುವಿಗೆ ‘ಗ’ ಕಲಿಸುವುದು ಶಾಲೆಯ ಅತಿ ಕಷ್ಟದ ಕೆಲಸ.

ಹಂತ 3: ಗಂಟೆಯನ್ನು ಗೊತ್ತು ಮಾಡಿ, ಕಾಯಿರಿ

ಬೆಳಗ್ಗೆ ಕ್ಷೀರಭಾಗ್ಯದ ಹಾಲು ಕುಡಿದ ಮೇಲಿನ ಅವಧಿ ಎಲ್ಲಕ್ಕಿಂತ ಒಳ್ಳೆಯದು. ಎಷ್ಟೋ ಮಕ್ಕಳಿಗೆ ಆ 150 ಮಿಲಿಲೀಟರ್ ಹಾಲೇ ದಿನದ ಮೊದಲ ಆಹಾರ. ಬಿಸಿಯೂಟದ ನಂತರದ ಅವಧಿ ಬೇಡ. ನಿದ್ದೆ ಎಳೆಯುತ್ತದೆ, ತಟ್ಟೆ ತೊಳೆದು ಬರುವಷ್ಟರಲ್ಲಿ 15 ನಿಮಿಷ ಹೋಗಿರುತ್ತದೆ.

ಜೂನ್ ಮಧ್ಯದಲ್ಲಿ ಆರಂಭಿಸಿದರೆ ದಸರಾ ರಜೆ, ಹಬ್ಬ ಹರಿದಿನ ಕಳೆದು ನವೆಂಬರ್ ಹೊತ್ತಿಗೆ 100 ದಿನ ಆಗುತ್ತದೆ. ಜನವರಿಯಲ್ಲಿ ಆರಂಭಿಸುವ ಯೋಜನೆ ಕಾಗದದ ಮೇಲೇ ಉಳಿಯುತ್ತದೆ. ಆಮೇಲೆ ಪರೀಕ್ಷೆ, ವಾರ್ಷಿಕೋತ್ಸವ, ಸಮೀಕ್ಷೆಗಳು ಸಾಲುಗಟ್ಟುತ್ತವೆ.

ಈಗ ಮೇಲಿನವರ ಮಾತು. ಶಾಲೆಯ ಹೊತ್ತಿನಲ್ಲಿ ಮುಖ್ಯ ಶಿಕ್ಷಕರ ಮೊಬೈಲಿಗೆ ‘ಈ ಮಾಹಿತಿ ಇಂದೇ ಬೇಕು’ ಎಂಬ ಸಂದೇಶ ಬರುತ್ತದೆ. ಎಸ್‌ಎಟಿಎಸ್, ಅಂದರೆ ಮಕ್ಕಳ ದಾಖಲಾತಿ ಮತ್ತು ಕಲಿಕೆಯ ವಿವರ ತುಂಬುವ ತಂತ್ರಾಂಶ, ಆ ಹೊತ್ತಿಗೆ ನಿಧಾನ. ಒಬ್ಬ ಶಿಕ್ಷಕರು ಅದರ ಮುಂದೆ ಕೂತರೆ ಇನ್ನೊಬ್ಬರು ಐದು ತರಗತಿಯನ್ನು ಒಟ್ಟಿಗೆ ಕೂರಿಸಿ ‘ಮಗ್ಗಿ ಬರೆಯಿರಿ’ ಎನ್ನುತ್ತಾರೆ. ಅಲ್ಲಿಗೆ ಆ ದಿನದ ಓದು ಮುಗಿಯಿತು. ಇದು ಶಿಕ್ಷಕರ ಸೋಮಾರಿತನ ಅಲ್ಲ, ವ್ಯವಸ್ಥೆಯ ಅಭ್ಯಾಸ. ಆದ್ದರಿಂದ ಬಿಇಒ ಕಚೇರಿಯಿಂದ ಒಂದೇ ಪುಟದ ಜ್ಞಾಪನ ಹೊರಡಬೇಕು: ಈ ಗಂಟೆಯಲ್ಲಿ ಮಾಹಿತಿ ಕೇಳುವಂತಿಲ್ಲ, ಸಭೆ ಕರೆಯುವಂತಿಲ್ಲ, ತರಬೇತಿಗೆ ಇಬ್ಬರೂ ಶಿಕ್ಷಕರನ್ನು ಒಂದೇ ದಿನ ಎಬ್ಬಿಸುವಂತಿಲ್ಲ. ಬಾಯಿಮಾತಿನ ಭರವಸೆ ಒಂದು ವಾರವೂ ಬಾಳುವುದಿಲ್ಲ.

ಹಂತ 4: ಅಕ್ಷರ ಗುಂಪಿನ ಒಂದು ಗಂಟೆ

ಮೊದಲ 10 ನಿಮಿಷ ಮಾತು. ಒಂದು ದೊಡ್ಡ ಚಿತ್ರ ತೋರಿಸಿ ಎಲ್ಲರಿಂದ ಒಂದೊಂದು ಮಾತು ಆಡಿಸಿ. ಅವರ ಬಾಯಿಂದ ಬಂದ ಎರಡು ಮೂರು ಪದಗಳನ್ನು ಹಲಗೆಯ ಮೇಲೆ ಬರೆಯಿರಿ. ತಾನಾಡಿದ ಮಾತು ಅಕ್ಷರವಾಗುವುದನ್ನು ಮಗು ನೋಡಬೇಕು.

ಮುಂದಿನ 15 ನಿಮಿಷ ಅಕ್ಷರ. ಅ ಆ ಇ ಈ ಎಂದು ಸಾಲಾಗಿ ಹೋಗಬೇಡಿ. ನಲಿ-ಕಲಿಯ ‘ರ ಗ ಸ ದ ಅ’ ಕ್ರಮ ಇಲ್ಲಿಗೂ ಹೊಂದುತ್ತದೆ, ಏಕೆಂದರೆ ಐದು ಅಕ್ಷರ ಬಂದ ಕೂಡಲೇ ‘ಅರಸ’, ‘ರಸ’, ‘ಸರ’, ‘ಗರ’ದಂಥ ಪದಗಳು ಮಗುವಿನ ಕೈಗೆ ಬರುತ್ತವೆ. ಕಾರ್ಡು ಹರಡಿ, ನೀವು ಪದ ಹೇಳಿ, ಮಗು ಆರಿಸಿ ಜೋಡಿಸಲಿ.

ನಂತರದ 15 ನಿಮಿಷ ಕಾಗುಣಿತ, ಕನ್ನಡದ ಮಕ್ಕಳು ಹೆಚ್ಚು ಎಡವುವ ಜಾಗ. ‘ಕ ಕಾ ಕಿ ಕೀ’ ಎಂದು ರಾಗವಾಗಿ ಹೇಳುವ ಮಗುವಿಗೆ ನಡುವಿನ ‘ಗಿ’ ತೋರಿಸಿ ನೋಡಿ. ಬಾಯಲ್ಲೇ ‘ಗ ಗಾ ಗಿ’ ಎಂದು ಎಣಿಸಿಕೊಂಡು ಬಂದು ಹೇಳುತ್ತದೆ. ‘ಮಕ್ಕೆ ಗುಡಿಸು ಮಿ, ನಕ್ಕೆ ಕೊಂಬು ನು’ ಎಂದು ಬಿಡಿಸಿ ಹೇಳುವ ಅಭ್ಯಾಸವೂ ಅಷ್ಟೇ. ಗುರುತು ಕಲಿಸಲು ಎರಡು ದಿನ ಬಳಸಿ, ಆಮೇಲೆ ಬಿಡಿ. ಇಲ್ಲವಾದರೆ ಮಗು ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಆರಂಭವನ್ನೇ ಮರೆತಿರುತ್ತದೆ. ಪಟದಲ್ಲಿ ಅಡ್ಡಾದಿಡ್ಡಿ ಬೆರಳಿಡಿ: ಒಂದು ದಿನ ಅಡ್ಡಸಾಲು, ಒಂದು ದಿನ ಉದ್ದಸಾಲು (ಕಿ ಗಿ ತಿ ನಿ ಮಿ), ಒಂದು ದಿನ ಎಲ್ಲೆಂದರಲ್ಲಿ. ಹ್ರಸ್ವ ದೀರ್ಘ ಗೊಂದಲಕ್ಕೆ ಜೋಡಿ ಪದಗಳೇ ಮದ್ದು: ಬೆಳೆ, ಬೇಳೆ, ಕೊಡು, ಕೋಡು, ಬಿಡು, ಬೀಡು, ಹಳೆ, ಹಾಳೆ. ಅರ್ಥ ಬದಲಾಗುವುದು ಕಂಡಾಗಲೇ ಆ ಪುಟ್ಟ ಗೆರೆಗೆ ಬೆಲೆಯಿದೆ ಎಂದು ಮಗುವಿಗೆ ಗೊತ್ತಾಗುವುದು. ಹಲಗೆಯ ಮೇಲೆ ನಿಮ್ಮ ಕೈಬರಹದ ‘ವು’ ಮತ್ತು ‘ಮ’ ಒಂದೇ ರೀತಿ ಕಾಣುತ್ತವೆಯೇ ಎಂದು ಒಮ್ಮೆ ದೂರ ನಿಂತು ನೀವೇ ನೋಡಿ. ತಪ್ಪು ಮಗುವಿನದಲ್ಲದಿರಬಹುದು.

ಉಳಿದ 20 ನಿಮಿಷದಲ್ಲಿ ಅರ್ಧ ಹೊತ್ತು ನೀವು ಬೆರಳಿಟ್ಟು ನಾಲ್ಕು ಸಾಲಿನ ಪ್ಯಾರಾ ಓದಿ, ಮಕ್ಕಳು ತಮ್ಮ ಹಾಳೆಯಲ್ಲಿ ಬೆರಳಿಟ್ಟು ಹಿಂಬಾಲಿಸಲಿ. ಅಕ್ಷರ ಪೂರ್ತಿ ಬಂದ ಮೇಲೆ ವಾಕ್ಯ ಎಂದು ಕಾಯಬೇಡಿ. ಇನ್ನರ್ಧ ಬರೆಹ: ನೀವು ಹೇಳಿದ ಐದು ಪದ, ನೋಡದೆ. ನಕಲು ಬರೆಹ ಈ ಗಂಟೆಯಲ್ಲಿ ಬೇಡವೇ ಬೇಡ.

ಹಂತ 5: ಪದ ಗುಂಪು ಮತ್ತು ಒತ್ತಕ್ಷರ

ಪದ ಮಟ್ಟದಲ್ಲಿ ತಿಂಗಳುಗಟ್ಟಲೆ ನಿಂತುಬಿಡುವ ಮಕ್ಕಳಲ್ಲಿ ಹೆಚ್ಚಿನವರಿಗೆ ಅಡ್ಡ ಬರುವುದು ಒತ್ತಕ್ಷರ. ನಮ್ಮ ಒತ್ತುಗಳಲ್ಲಿ ಬಹುಪಾಲು ಮೂಲ ಅಕ್ಷರದ ತಲೆಕಟ್ಟು ತೆಗೆದ ಚಿಕ್ಕ ರೂಪ, ನೋಡಿದರೆ ಗುರುತು ಸಿಗುತ್ತದೆ. ಆದರೆ ತ, ನ, ಮ, ಯ, ರ, ಲ ಈ ಆರರ ಒತ್ತಿಗೂ ಮೂಲ ಅಕ್ಷರಕ್ಕೂ ಹೋಲಿಕೆಯೇ ಇಲ್ಲ. ದುರದೃಷ್ಟಕ್ಕೆ ದಿನಬಳಕೆಯ ಮಾತಿನಲ್ಲಿ ಹೆಜ್ಜೆಹೆಜ್ಜೆಗೂ ಬರುವವು ಇವೇ: ಇಲ್ಲಿ, ಅಮ್ಮ, ನನ್ನ, ಮತ್ತೆ. ಈ ಆರಕ್ಕೆ ಆರು ಪ್ರತ್ಯೇಕ ದಿನ ಕೊಡಿ.

ಕ್ರಮ ಹೀಗಿರಲಿ. ಮೊದಲು ಸಜಾತೀಯ, ಅಂದರೆ ಅಕ್ಷರಕ್ಕೆ ಅದೇ ಅಕ್ಷರದ ಒತ್ತು: ಅಕ್ಕ, ಅಣ್ಣ, ಬೆಲ್ಲ, ಹಳ್ಳಿ. ಇಲ್ಲಿಯೂ ಜೋಡಿ ಪದ ಬಳಸಿ: ಕತೆ, ಕತ್ತೆ; ಬಲೆ, ಬಲ್ಲೆ; ಎಲೆ, ಎಲ್ಲೆ. ‘ಅಜ್ಜಿ ಕತ್ತೆ ಹೇಳಿದಳು’ ಎಂದು ಹಲಗೆಯ ಮೇಲೆ ಬರೆದರೆ ನಗು ಬರುವುದು ಓದಿದ ಮಗುವಿಗೆ ಮಾತ್ರ. ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಎರಡನೆಯದು ವಿಜಾತೀಯ, ಬೇರೆ ಅಕ್ಷರದ ಒತ್ತು: ಪುಸ್ತಕ, ಚಂದ್ರ, ರಾಜ್ಯ. ಅರ್ಕಾವತ್ತು ಎಲ್ಲಕ್ಕಿಂತ ಕೊನೆಗೆ: ‘ಸೂರ್ಯ’ದಲ್ಲಿ ರಕಾರವನ್ನು ಮೊದಲು ಉಚ್ಚರಿಸುತ್ತೇವೆ, ಆದರೆ ಅದರ ಗುರುತಾದ ಅರ್ಕಾವತ್ತನ್ನು ಬರೆಯುವುದು ‘ಯ’ದ ನಂತರ; ‘ರ’ಕ್ಕೆ ‘ಯ’ ಒತ್ತು ಕೊಟ್ಟು ಬರೆದ ರೂಪವನ್ನೂ ಮಕ್ಕಳು ಪುಸ್ತಕಗಳಲ್ಲಿ ನೋಡುತ್ತಾರೆ. ಕಣ್ಣು ಒಂದು ಕಡೆ, ನಾಲಗೆ ಒಂದು ಕಡೆ. ಎರಡು ರೂಪವನ್ನೂ ತೋರಿಸಿ.

ಪ್ಯಾರಾ ಓದಿಸುವಾಗ ನಾಲ್ಕು ಸುತ್ತು: ನೀವು ಓದಿ, ಎಲ್ಲರೂ ಜೊತೆಗೆ ಓದಲಿ, ಜೋಡಿಯಾಗಿ ಓದಲಿ, ಒಬ್ಬೊಬ್ಬರೇ ಓದಲಿ. ಹೊತ್ತಾಯಿತೆಂದು ಕೊನೆಯ ಸುತ್ತನ್ನು ಬಿಡುವ ಶಾಲೆಗಳಲ್ಲಿ ಮಕ್ಕಳು ಪಾಠವನ್ನು ಬಾಯಿಪಾಠ ಮಾಡುತ್ತಾರೆ, ಓದು ಕಲಿಯುವುದಿಲ್ಲ.

ಕಥೆಯ ಗುಂಪಿಗೆ ಹೆಚ್ಚು ಹೇಳಬೇಕಿಲ್ಲ. ಪುಸ್ತಕ ಕೊಡಿ, ಓದಿದ್ದನ್ನು ಸ್ವಂತ ಮಾತಿನಲ್ಲಿ ಹೇಳಿಸಿ, ‘ಯಾಕೆ’ ಎಂದು ಒಂದು ಪ್ರಶ್ನೆ ಕೇಳಿ, ನಾಲ್ಕು ಸಾಲು ಬರೆಸಿ. ವೇಗದ ಬಗ್ಗೆ ಒಂದು ಮಾತು. 2021ರಲ್ಲಿ ಬಂದ ನಿಪುಣ್ ಭಾರತ್, ಅಂದರೆ ಚಿಕ್ಕ ಮಕ್ಕಳ ಓದು, ಲೆಕ್ಕಕ್ಕಾಗಿ ಕೇಂದ್ರ ಸರ್ಕಾರ ತಂದ ಕಾರ್ಯಕ್ರಮದ ಗುರಿಯಲ್ಲಿ ಮೂರನೇ ತರಗತಿಯ ಮಗು ನಿಮಿಷಕ್ಕೆ ಕನಿಷ್ಠ 60 ಪದ ಓದಬೇಕೆಂದಿದೆ. ಕನ್ನಡದ ‘ಮನೆಯಲ್ಲಿರುವವರಿಗೆ’ ಎಂಬುದೂ ಒಂದೇ ಪದ. ಗಡಿಯಾರ ಹಿಡಿದು ಮಕ್ಕಳನ್ನು ಓಡಿಸಬೇಡಿ. ಪೂರ್ಣವಿರಾಮದಲ್ಲಿ ನಿಂತು ಅರ್ಥ ಹೇಳಬಲ್ಲ ಮಗು ಸರಿಯಾದ ದಾರಿಯಲ್ಲಿದೆ.

ಹಂತ 6: ಮನೆಮಾತು ಬೇರೆಯಾದ ಮಕ್ಕಳು

ಲಂಬಾಣಿ ತಾಂಡಾದಿಂದ ಬರುವ ಮಗುವಿಗೆ ಅಮ್ಮ ‘ಯಾಡಿ’. ಉರ್ದು, ಮರಾಠಿ, ತೆಲುಗು, ತುಳು, ಕೊಂಕಣಿ ಮನೆಮಾತಿನ ಮಕ್ಕಳೂ ನಮ್ಮ ಕನ್ನಡ ಶಾಲೆಗಳಲ್ಲಿದ್ದಾರೆ. ಇಂಥ ಮಗು ಪದವನ್ನು ಸರಿಯಾಗಿ ಓದಿಯೂ ಅರ್ಥವಾಗದೆ ಸುಮ್ಮನಿರುತ್ತದೆ. ಅದನ್ನು ಓದು ಬಾರದ್ದೆಂದು ಬರೆದುಕೊಳ್ಳಬೇಡಿ. ಈ ಮಕ್ಕಳಿಗೆ ಮಾತಿನ 10 ನಿಮಿಷವನ್ನು 20 ಮಾಡಿ. ಮೊದಲು ತಮ್ಮ ಭಾಷೆಯಲ್ಲೇ ಹೇಳಲಿ, ಆ ಭಾಷೆ ಬಲ್ಲ ದೊಡ್ಡ ಮಗು ಕನ್ನಡದಲ್ಲಿ ಹೇಳಲಿ. ಒಂದು ಗೋಡೆಯಲ್ಲಿ ಅವರ ಪದ ಮತ್ತು ಕನ್ನಡದ ಪದ ಅಕ್ಕಪಕ್ಕ ಬರೆದಿಡಿ. ಎರಡನ್ನೂ ಕನ್ನಡ ಲಿಪಿಯಲ್ಲೇ. ತನ್ನ ಮನೆಯ ಮಾತನ್ನು ಗೋಡೆಯ ಮೇಲೆ ಕಂಡ ಮಗು ಓದಲು ಹತ್ತಿರ ಬರುತ್ತದೆ.

ಹಂತ 7: ಕಲಿಯದಿರುವುದಕ್ಕೆ ಬೇರೆ ಕಾರಣ ಇದೆಯೇ ನೋಡಿ

25 ದಿನ ಆದರೂ ಒಂದು ಮಟ್ಟವೂ ಕದಲದ ಮಕ್ಕಳ ಹೆಸರು ಬೇರೆ ಬರೆಯಿರಿ. ಮೊದಲು ಹಾಜರಾತಿ ನೋಡಿ. ಹತ್ತರಲ್ಲಿ ಮೂರು ದಿನ ತಪ್ಪಿಸುವ ಮಗುವಿಗೆ ನಿಮ್ಮ ನೂರು ದಿನ ಎಪ್ಪತ್ತೇ. ಮೂರನೇ ದಿನವೂ ಬರದಿದ್ದರೆ ಅಂದೇ ಯಾರಾದರೂ ಮನೆಗೆ ಹೋಗಬೇಕು, ತಿಂಗಳ ಕೊನೆಗಲ್ಲ.

ಯಾದಗಿರಿ, ಕಲಬುರಗಿ, ವಿಜಯಪುರ ಕಡೆ ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಕುಟುಂಬಗಳಿವೆ. ಸಾಧ್ಯವಾದಲ್ಲಿ ಋತುಮಾನದ ವಸತಿ ಶಾಲೆಯಲ್ಲಿ ಮಗುವನ್ನು ಉಳಿಸಿ. ಹೋಗುವುದೇ ಆದರೆ ಎಸ್‌ಎಟಿಎಸ್ ಸಂಖ್ಯೆ, ಓದಿನ ಮಟ್ಟ, ಬಾರದ ಅಕ್ಷರಗಳು, ನಿಮ್ಮ ಶಾಲೆಯ ಹೆಸರು ಬರೆದ ಒಂದು ಚೀಟಿ ಮತ್ತು ಎರಡು ಪುಸ್ತಕ ಕೊಟ್ಟು ಕಳಿಸಿ. ಅಲ್ಲಿಯ ಶಿಕ್ಷಕರು ಮತ್ತೆ ಅ ಆ ಇಂದ ಆರಂಭಿಸುವುದು ತಪ್ಪುತ್ತದೆ.

ಆಮೇಲೆ ಕಣ್ಣು, ಕಿವಿ. ಹಲಗೆ ಓದಲು ಎದ್ದು ಮುಂದೆ ಬರುವ, ಪುಸ್ತಕವನ್ನು ಮುಖಕ್ಕೆ ಹಿಡಿಯುವ, ಕರೆದಾಗ ಒಂದೇ ಪಕ್ಕಕ್ಕೆ ತಲೆ ತಿರುಗಿಸುವ ಮಕ್ಕಳ ಪಟ್ಟಿ ಮೊದಲೇ ಸಿದ್ಧವಿರಲಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬಂದ ದಿನ ಇಡೀ ಶಾಲೆಯನ್ನು ಸಾಲು ನಿಲ್ಲಿಸುವ ಗಡಿಬಿಡಿಯಲ್ಲಿ ಈ ಮಕ್ಕಳು ಕಳೆದುಹೋಗುತ್ತಾರೆ. ಕನ್ನಡಕ ಬಂದ ಮೇಲೆ ಮಗು ಹಾಕಿಕೊಳ್ಳುತ್ತಿದೆಯೇ ನೋಡಿ. ಗೆಳೆಯರು ಆಡಿಕೊಳ್ಳುತ್ತಾರೆಂದು ಚೀಲದಲ್ಲೇ ಇಟ್ಟಿರುತ್ತದೆ. ಕಬ್ಬಿಣಾಂಶದ ಮಾತ್ರೆಯನ್ನು ಊಟದ ಮೇಲೆ ಕೊಡಿ, ಬರಿಹೊಟ್ಟೆಗೆ ಕೊಟ್ಟರೆ ಹೊಟ್ಟೆ ತೊಳಸಿ ಮಾರನೆಯ ವಾರ ಮಗು ಬೇಡವೆನ್ನುತ್ತದೆ.

ಹಾಜರಾತಿ, ಕಣ್ಣು, ಕಿವಿ ಎಲ್ಲ ಸರಿಯಿದ್ದೂ ಅಕ್ಷರ ನಿಲ್ಲದಿದ್ದರೆ ಬ್ಲಾಕಿನ ವಿಶೇಷ ಸಂಪನ್ಮೂಲ ಶಿಕ್ಷಕರನ್ನು, ಅಂದರೆ ಬಿಐಇಆರ್‌ಟಿಯನ್ನು ಕರೆಸಿ. ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳಲ್ಲಿ ಒಂದೆಂದು ಗುರುತಿಸಿದೆ. ಆದರೆ ಆ ಹೆಸರನ್ನು ನೀವಾಗಿ ಯಾವ ಮಗುವಿಗೂ ಅಂಟಿಸಬೇಡಿ. ಅದು ತಜ್ಞರ ಕೆಲಸ.

ಹಂತ 8: ಸಿಆರ್‌ಪಿ ಬಂದಾಗ ಏನು ನೋಡಬೇಕು

ಕಡತವನ್ನಲ್ಲ. ಓದಿನ ಗಂಟೆಗೇ ಸರಿಯಾಗಿ ಬನ್ನಿ, ರಿಜಿಸ್ಟರಿನಿಂದ ಯಾವುದಾದರೂ ಐದು ಹೆಸರು ಆರಿಸಿ, ಪಕ್ಕ ಕೂರಿಸಿಕೊಂಡು ಓದಿಸಿ. ಬರೆದ ಮಟ್ಟಕ್ಕೂ ಓದಿದ್ದಕ್ಕೂ ಇಬ್ಬರಲ್ಲಿ ವ್ಯತ್ಯಾಸ ಬಂದರೆ ಆ ಶಾಲೆಯ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಿ. ಆಮೇಲೆ ಒಂದು ಗುಂಪನ್ನು 15 ನಿಮಿಷ ನೀವೇ ಕಲಿಸಿ ತೋರಿಸಿ. ನೀವು ಎಡವಿದರೂ ಚಿಂತೆಯಿಲ್ಲ, ಶಿಕ್ಷಕರು ನಿಮ್ಮೊಂದಿಗೆ ಮನಸ್ಸು ಬಿಚ್ಚಿ ಮಾತಾಡುವುದು ಅಂದಿನಿಂದಲೇ.

ತಿಂಗಳ ಸಮಾಲೋಚನಾ ಸಭೆಯಲ್ಲಿ ಸುತ್ತೋಲೆ ಓದುವುದಕ್ಕೆ ಅರ್ಧ ಗಂಟೆ ಮೀರದಿರಲಿ. ಉಳಿದ ಹೊತ್ತು ಆ ಶಾಲೆಯ ಹತ್ತು ಮಕ್ಕಳನ್ನು ಕೂರಿಸಿಕೊಂಡು ಒತ್ತಕ್ಷರದ ಒಂದು ಪಾಠ ಮಾಡಿ, ಎಲ್ಲರೂ ನೋಡಲಿ, ಚರ್ಚೆಯಾಗಲಿ. ಡಯಟ್‌ನವರು ಅಲ್ಲಿಗೇ ಬರುವುದು ಒಳ್ಳೆಯದು. ಜಿಲ್ಲೆಯಲ್ಲಿ ಕೇಳಿದವರು ಬ್ಲಾಕಿನಲ್ಲಿ ಹೇಳಿ, ಅಲ್ಲಿ ಕೇಳಿದವರು ಕ್ಲಸ್ಟರಿನಲ್ಲಿ ಹೇಳುವ ತರಬೇತಿ ಶಾಲೆಗೆ ಬರುವಷ್ಟರಲ್ಲಿ ಹಾಜರಿ ಸಹಿ ಮಾತ್ರ ಉಳಿದಿರುತ್ತದೆ.

ಶಾಲೆಗಳಿಗೆ ರ‍್ಯಾಂಕ್ ಕೊಡಬೇಡಿ. ಈ ಅಂಕಿ ಮಗುವಿಗೆ ಮುಂದೆ ಏನು ಕಲಿಸಬೇಕೆಂದು ತಿಳಿಯಲು ಇರುವುದು. ಅದರಿಂದ ಶಿಕ್ಷಕರಿಗೆ ನೋಟಿಸ್ ಹೋಗುತ್ತದೆ ಎಂದಾದ ದಿನವೇ ಎಲ್ಲ ಮಕ್ಕಳೂ ಕಾಗದದ ಮೇಲೆ ‘ಕಥೆ’ ಮಟ್ಟಕ್ಕೆ ಏರಿಬಿಡುತ್ತಾರೆ, ನಿಜವಾಗಿ ನೆರವು ಬೇಕಾದ ಶಾಲೆ ಯಾವುದೆಂದು ಯಾರಿಗೂ ಗೊತ್ತಾಗುವುದಿಲ್ಲ.

ಪೋಷಕರಿಗೆ ಕೊಡಬೇಕಾದ ಕೆಲಸ ಸಣ್ಣದು: ರಾತ್ರಿ ಹತ್ತು ನಿಮಿಷ ಮಗುವಿನ ಓದು ಕೇಳುವುದು. ತಮಗೆ ಓದು ಬಾರದ ತಾಯಿಯೂ ಇದನ್ನು ಮಾಡಬಲ್ಲರು. ಬೆರಳು ಪದದಿಂದ ಪದಕ್ಕೆ ಸರಿಯುತ್ತಿದೆಯೇ, ಓದಿದ್ದು ಕಥೆಯಾಗಿ ಕೇಳುತ್ತಿದೆಯೇ ಎಂಬುದು ಯಾರಿಗೂ ತಿಳಿಯುತ್ತದೆ. ಎಸ್‌ಡಿಎಂಸಿ ಸಭೆಯಲ್ಲಿ ಮಕ್ಕಳನ್ನು ನಿಲ್ಲಿಸಿ ಓದಿಸಿ ಹೋಲಿಸುವುದು ಮಾತ್ರ ಬೇಡ.

ಹಂತ 9: ಐವತ್ತನೇ ದಿನ, ನೂರನೇ ದಿನ

ಐವತ್ತನೇ ದಿನದ ಸುಮಾರಿಗೆ ಎಲ್ಲರನ್ನೂ ಇನ್ನೊಮ್ಮೆ ಓದಿಸಿ, ಹಾಳೆ ಬೇರೆಯದು. ದಸರಾ ರಜೆ ಮುಗಿದ ಮೊದಲ ದಿನವೂ ಅಕ್ಷರ ಗುಂಪನ್ನಾದರೂ ನೋಡಿ. ರಜೆಯಲ್ಲಿ ಕಾಗುಣಿತ ಜಾರಿಹೋಗುವುದು ಸಾಮಾನ್ಯ, ಒಂದು ವಾರ ಹಿಂದಿನದನ್ನೇ ಮಾಡಿದರೆ ಮರಳಿ ಬರುತ್ತದೆ. ಗಾಬರಿಯಾಗಿ ಹೊಸ ಪದ್ಧತಿ ಹುಡುಕಬೇಡಿ.

ನೂರನೇ ದಿನಕ್ಕೂ ಪದ ಮಟ್ಟ ದಾಟದ ಕೆಲವರು ಉಳಿದೇ ಉಳಿಯುತ್ತಾರೆ. ಅವರಿಗೆ ಗಂಟೆ ಮುಂದುವರಿಯಲಿ. ಗುಂಪು ಈಗ ಚಿಕ್ಕದು, ಮಗುವಿಗೆ ಸಿಗುವ ಗಮನ ಹೆಚ್ಚು. ಐದನೇ ತರಗತಿಯವರಾದರೆ ಏಪ್ರಿಲ್‌ನಲ್ಲಿ ವರ್ಗಾವಣೆ ಪತ್ರದ ಜೊತೆ ಇನ್ನೊಂದು ಹಾಳೆಯನ್ನು ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕರ ಕೈಗೇ ಕೊಡಿ. ಅದರಲ್ಲಿ ಮಗುವಿನ ಹೆಸರು, ಜೂನ್‌ನಲ್ಲಿದ್ದ ಮಟ್ಟ, ಈಗಿನ ಮಟ್ಟ, ಇನ್ನೂ ಗೊಂದಲವಿರುವ ಒತ್ತುಗಳು, ಮನೆಮಾತು, ಕಣ್ಣು ಕಿವಿಯ ವಿವರ, ಕೊನೆಗೆ ಆ ಮಗು ಇಷ್ಟಪಟ್ಟು ಓದಿದ ಒಂದು ಪುಸ್ತಕದ ಹೆಸರು ಇರಲಿ. ಆರನೇ ತರಗತಿಯ ಮೊದಲ ದಿನ ಅಲ್ಲಿಯ ಕನ್ನಡ ಶಿಕ್ಷಕರು ಆ ಪುಸ್ತಕವನ್ನೇ ಮಗುವಿನ ಕೈಗೆ ಕೊಟ್ಟು ಓದಿಸಲಿ.